ಹತ್ತರ ಲೆಕ್ಕ ನಮ್ಮೂರಿಗೆ ಬಂದ ದಾರಿ

ನಾಲ್ಕು ವರ್ಷದ ಹಿಂದೆ ನಮ್ಮ ತಾತನ ಜಮೀನು ಭಾಗವಾಯಿತು. ಐದು ಪಾಲು: ನಮ್ಮ ತಂದೆ, ಇಬ್ಬರು ಚಿಕ್ಕಪ್ಪಂದಿರು, ಇಬ್ಬರು ಸೋದರತ್ತೆಯರು. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಎಂಬ ಕಾರಣಕ್ಕೆ ಲೆಕ್ಕ ಹಾಕುವ ಜವಾಬ್ದಾರಿ ನನಗೆ ಬಂತು. ನಾಲ್ಕು ಸರ್ವೆ ನಂಬರುಗಳ ಪಹಣಿ ಮುಂದಿಟ್ಟುಕೊಂಡು, ಅದರಲ್ಲಿದ್ದ ವಿಸ್ತೀರ್ಣವನ್ನು ಹಾಗೆಯೇ ಲ್ಯಾಪ್‌ಟಾಪಿಗೆ ಏರಿಸಿದೆ. 1.30, 0.35, 2.20, 1.15. ಕೂಡು ಎಂದೆ. 5.00 ಎಂದಿತು. ಐದು ಎಕರೆ, ಐದು ಪಾಲು, ತಲೆಗೊಂದು ಎಕರೆ. ಇಷ್ಟು ಸಲೀಸಾದ ಪಾಲು ಯಾವ ಮನೆಯಲ್ಲಿ ಆದೀತು ಎಂದು ಒಳಗೊಳಗೇ ಹಿಗ್ಗಿದೆ.

ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ ದೊಡ್ಡ ಸೋದರತ್ತೆ ಬೆರಳು ಮಡಿಸುತ್ತಿದ್ದರು. ಅವರು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. "ಅಲ್ಲ ಕಣ್ ಮಗಾ, ಮೂವತ್ತಕ್ಕೆ ಮೂವತ್ತೈದು ಸೇರಿದ್ರೆ ಅರವತ್ತೈದು. ಇಪ್ಪತ್ತು ಹಾಕು, ಎಂಬತ್ತೈದು. ಹದಿನೈದು ಹಾಕು, ನೂರು. ನೂರು ಗುಂಟೆ ಅಂದ್ರೆ ಎರಡೂವರೆ ಎಕ್ರೆ. ನೀನು ಅದನ್ನ ಒಂದೇ ಎಕ್ರೆ ಮಾಡಿದ್ದೀಯಲ್ಲ, ಮಿಕ್ಕಿದ್ದು ಯಾರ ಪಾಲಿಗೋಯ್ತು?"

ಪಹಣಿಯ 1.30 ಎಂದರೆ ಒಂದು ಎಕರೆ ಮೂವತ್ತು ಗುಂಟೆ. ಎಕರೆಗೆ 40 ಗುಂಟೆ. ನಡುವೆ ಇರುವ ಚುಕ್ಕಿ ದಶಮಾಂಶದ ಚುಕ್ಕಿಯಂತೆ ಕಂಡರೂ ಅದು ದಶಮಾಂಶವಲ್ಲ, ಎರಡು ಅಳತೆಗಳ ನಡುವಿನ ಬೇಲಿ ಅಷ್ಟೆ. ಸರಿಯಾಗಿ ಕೂಡಿದರೆ ನಮ್ಮದು 6 ಎಕರೆ 20 ಗುಂಟೆ. ನನ್ನ ಲೆಕ್ಕದಲ್ಲಿ ಒಂದೂವರೆ ಎಕರೆ ಮಾಯವಾಗಿತ್ತು. ಪಾಲುಪತ್ರ ಅದೇ ಲೆಕ್ಕದ ಮೇಲೆ ಬರೆಸಿದ್ದರೆ ಆ ಒಂದೂವರೆ ಎಕರೆ ಯಾರ ಹೆಸರಿಗೂ ಸೇರದೆ ಉಳಿಯುತ್ತಿತ್ತು. ಅಣ್ಣತಮ್ಮಂದಿರು, ಅಕ್ಕತಂಗಿಯರು ಕೋರ್ಟು ಕಟ್ಟೆ ಹತ್ತಲು ನಾಲೆ ನೀರಿನ ಜಮೀನಿನಲ್ಲಿ ಅಷ್ಟು ಬೇಕಾಗಿಲ್ಲ, ಎರಡು ಗುಂಟೆಯೇ ಸಾಕು.

ಆವತ್ತು ರಾತ್ರಿ ನನಗೆ ನೆನಪಾದದ್ದು ನಮ್ಮ ಈ ಶಾಲೆಯ ಎಂಟನೇ ತರಗತಿಯ ಕೋಣೆ. ಗಣಿತದ ಮೇಷ್ಟ್ರು ಹಲಗೆಯ ಮುಂದೆ ಕುರ್ಚಿಗಳನ್ನು ಸಾಲಾಗಿ ಇಡಿಸಿದ್ದರು. ಬಲಗಡೆಯಿಂದ ಬಿಡಿ, ಹತ್ತು, ನೂರು, ಸಾವಿರ. ನಾವು ಎದೆಯ ಮೇಲೆ ಅಂಕಿ ಬರೆದ ಸ್ಲೇಟು ಹಿಡಿದು ಕೂರಬೇಕು. "ಹತ್ತರಿಂದ ಗುಣಿಸು" ಎಂದರೆ ಎಲ್ಲರೂ ಎದ್ದು ಒಂದೊಂದು ಕುರ್ಚಿ ಎಡಕ್ಕೆ ಸರಿಯಬೇಕು. ಖಾಲಿಯಾದ ಬಿಡಿಯ ಕುರ್ಚಿಯಲ್ಲಿ ಸೊನ್ನೆ ಬರೆದ ಸ್ಲೇಟು ಹಿಡಿದವನು ಬಂದು ಕೂರುತ್ತಾನೆ. "ಹತ್ತರಿಂದ ಭಾಗಿಸು" ಎಂದರೆ ಎಲ್ಲರೂ ಬಲಕ್ಕೆ. ಬಿಡಿಯಲ್ಲಿದ್ದವನು ಕುರ್ಚಿ ಸಾಲು ದಾಟಿ ಬಾಗಿಲ ಹತ್ತಿರದ ಸ್ಟೂಲಿಗೆ ಹೋಗುತ್ತಾನೆ. ಕುರ್ಚಿಗೂ ಸ್ಟೂಲಿಗೂ ನಡುವೆ ನೆಲದ ಮೇಲೆ ಸೀಮೆಸುಣ್ಣದ ಚುಕ್ಕಿ. ಆ ಚುಕ್ಕಿ ಮಾತ್ರ ಎಂದೂ ಜಾಗ ಬದಲಿಸುವಂತಿಲ್ಲ.

"ಹತ್ತರಿಂದ ಗುಣಿಸಿದರೆ ಕೊನೆಗೊಂದು ಸೊನ್ನೆ ಸೇರಿಸು" ಎಂದು ಪ್ರೈಮರಿಯಲ್ಲಿ ಕಲಿತು ಬಂದಿದ್ದ ನಮಗೆ ಆ ಮಾತನ್ನೇ ಅವರು ನಿಷೇಧಿಸಿದ್ದರು. 2.5ನ್ನು ಹತ್ತರಿಂದ ಗುಣಿಸು ಎಂದಾಗ ಅರ್ಧ ತರಗತಿ 2.50 ಎಂದು ಬರೆದು ಪೆಟ್ಟು ತಿಂದಿತ್ತು. ಸೊನ್ನೆ ತಾನಾಗಿ ಯಾವ ಕೆಲಸವನ್ನೂ ಮಾಡುವುದಿಲ್ಲ, ಖಾಲಿ ಮನೆ ಕಾಯುತ್ತದೆ. ಕೆಲಸ ನಡೆಯುವುದು ಅಂಕಿಗಳು ಮನೆ ಬದಲಿಸಿದಾಗ ಎನ್ನುವುದು ಅವರ ಪಾಠ. ಪಕ್ಕದ ಮನೆಯ ಬೆಲೆ ಸರಿಯಾಗಿ ಹತ್ತುಪಟ್ಟು ಇದ್ದರೆ ಮಾತ್ರ ಈ ಆಟ ನಡೆಯುತ್ತದೆ. ಪಹಣಿಯ ಚುಕ್ಕಿಯ ಎರಡು ಕಡೆ ಇರುವುದು ನಲವತ್ತರ ಸಂಬಂಧ. ಅಲ್ಲಿ ಹತ್ತರ ಆಟ ಆಡಿದವನು ನಾನು.

ಹಾಗಾದರೆ ನಮ್ಮ ಸೀಮೆಯ ಲೆಕ್ಕಗಳೆಲ್ಲ ಹತ್ತರ ಮನೆಗೆ ಬಂದದ್ದು ಯಾವಾಗ, ಬಾರದೆ ಉಳಿದದ್ದು ಯಾವುದು ಎಂದು ಹುಡುಕುತ್ತಾ ಹೋದೆ. ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕು ಎಂದು ಹಳೆಯ ವಿದ್ಯಾರ್ಥಿಗಳ ಬಳಗದಿಂದ ಫೋನು ಬಂದಾಗ ಅದನ್ನೇ ಬರೆದು ಕೊಡೋಣ ಎನಿಸಿತು.

ಮದ್ದೂರು ತಾಲ್ಲೂಕಿನ ಆತಕೂರಿನಿಂದ ಆರಂಭಿಸಬಹುದು. ಅಲ್ಲಿ ಸಿಕ್ಕಿದ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ಅದರ ಒಡೆಯ ಮಣಲೇರ ನಿಲ್ಲಿಸಿದ ಕಲ್ಲು ಎಂದು ನಮಗೆಲ್ಲ ಗೊತ್ತು. ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949-50. ಅದೇ ಕಲ್ಲಿನಲ್ಲಿ ಇನ್ನೊಂದು ಸಂಗತಿ ಇದೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗನಿಗೆ ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣ ಕೊಟ್ಟ ನಾಡುಗಳ ಪಟ್ಟಿ: ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು. ನಾಯಿಯ ಕತೆ ಓದುವವರು ಈ ಸಂಖ್ಯೆಗಳನ್ನು ಹಾರಿಸಿಬಿಡುತ್ತಾರೆ. ನನಗೆ ಕಣ್ಣು ನೆಟ್ಟದ್ದು ಇಲ್ಲೇ. ಸಾವಿರ, ನೂರು, ಹತ್ತು ಎಲ್ಲವೂ ಒಂದೇ ಸಾಲಿನಲ್ಲಿವೆ, ಮತ್ತು ಎಲ್ಲವೂ ಮಾತಿನಲ್ಲಿವೆ. ನಮ್ಮ ಭಾಷೆಯೇ ಹತ್ತರ ಏಣಿ. ಮೂರು, ಮೂವತ್ತು, ಮುನ್ನೂರು, ಮೂರು ಸಾವಿರ ಎನ್ನುವಾಗ ಮೂರು ಹಾಗೇ ಇರುತ್ತದೆ, ಅದರ ಮನೆ ಮಾತ್ರ ಬದಲಾಗುತ್ತದೆ. ಒಂಬತ್ತು ಎಂಬ ಮಾತಿನೊಳಗೂ ಹತ್ತಿನ ನೆರಳಿದೆ. ಅದರ ಕತೆಯನ್ನು ಭಾಷಾಶಾಸ್ತ್ರ ಓದಿದವರು ಹೇಳಲಿ.

ಆ ಕಲ್ಲು ನಿಲ್ಲುವ ಹೊತ್ತಿಗೆ ಇದರ ಗಣಿತ ಇದೇ ರಾಷ್ಟ್ರಕೂಟರ ರಾಜ್ಯದಲ್ಲಿ ಬರೆದು ಸುಮಾರು ನೂರು ವರ್ಷವಾಗಿತ್ತು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನ ವಿದ್ವಾಂಸ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಅದರ ಆರಂಭದಲ್ಲಿ ದೊರೆಯ ಹೊಗಳಿಕೆ ಇದೆ. ಮುಂದೆ ಸ್ಥಾನಗಳ ಹೆಸರುಗಳು ಬರುತ್ತವೆ: ಏಕ, ದಶ, ಶತ, ಸಹಸ್ರ ಎಂದು ಆರಂಭವಾಗಿ ಮಹಾಕ್ಷೋಭದವರೆಗೆ ಒಟ್ಟು 24 ಮನೆ. ಪ್ರತಿಯೊಂದೂ ಹಿಂದಿನದರ ಹತ್ತುಪಟ್ಟು. ಕೊನೆಯ ಮನೆಯಲ್ಲಿ ಒಂದನ್ನು ಬರೆದರೆ ಅದರ ಬಲಕ್ಕೆ 23 ಸೊನ್ನೆ ಕೂರಬೇಕು. ಅಷ್ಟು ದೊಡ್ಡ ಸಂಖ್ಯೆಯಿಂದ ಆ ಕಾಲದಲ್ಲಿ ಯಾರಿಗೆ ಏನಾಗಬೇಕಿತ್ತು ಎಂದು ಕೇಳಬಹುದು. ಅವುಗಳಲ್ಲಿ ಹತ್ತನೆಯ ಮನೆ ಶತಕೋಟಿ. ಅದು ನಮ್ಮ ಜಿಲ್ಲೆಗೆ ಏನಾಗಿ ಬಂದಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಮಹಾವೀರನಿಗೆ ಮನೆ ಬದಲಿಸುವ ಆಟ ಎಷ್ಟು ಇಷ್ಟವಾಗಿತ್ತೆಂದರೆ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಹುಡುಕಿ, ಕೊರಳ ಹಾರಕ್ಕೆ ಹೋಲಿಸಿ ಲೆಕ್ಕ ಕೊಟ್ಟಿದ್ದಾನೆ. 142857143ನ್ನು 7ರಿಂದ ಗುಣಿಸಿದರೆ 1000000001. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. ಇನ್ನೊಂದು ಹಾರ 12345654321. ಇದರ ಗುಟ್ಟನ್ನು ನಮ್ಮ ಶಾಲೆಯ ಮಕ್ಕಳು ಈ ಪುಟದ ಅಂಚಿನಲ್ಲೇ ಮಾಡಿ ನೋಡಬಹುದು. 111111 ಎಂದು ಬರೆಯಿರಿ. ಅದರ ಕೆಳಗೆ ಅದನ್ನೇ ಒಂದು ಮನೆ ಎಡಕ್ಕೆ ಸರಿಸಿ ಬರೆಯಿರಿ, ಅಂದರೆ ಹತ್ತರಿಂದ ಗುಣಿಸಿದಿರಿ. ಅದರ ಕೆಳಗೆ ಎರಡು ಮನೆ ಸರಿಸಿ, ನೂರರಿಂದ. ಹೀಗೆ ಆರು ಸಾಲು ಬರೆದು ಕೂಡಿ. ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು ಇರುತ್ತದೆ, ಮುಂದಿನದರಲ್ಲಿ ಎರಡು, ನಡುವಿನದರಲ್ಲಿ ಆರು, ಮತ್ತೆ ಇಳಿಯುತ್ತದೆ. ಎಲ್ಲಿಯೂ ದಶಕ ಏರುವುದಿಲ್ಲ. ಹಾರ ತಾನಾಗಿ ಪೋಣಿಸಿಕೊಳ್ಳುತ್ತದೆ. ಇಂಥ ಮಹಾವೀರನೂ ಒಂದು ಕಡೆ ಎಡವಿದ್ದಾನೆ: ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಬರೆದ. ಮೇಷ್ಟ್ರ ಕೈಯಲ್ಲಿ ಸಿಕ್ಕಿದ್ದರೆ ಅವನಿಗೂ ಪೆಟ್ಟು ಬೀಳುತ್ತಿತ್ತೋ ಏನೋ. ಈ ಗ್ರಂಥವನ್ನು 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಆಮೇಲೆ ಕನ್ನಡಕ್ಕೂ ಬಂದಿದೆ.

ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಎಂಬ ಕವಿ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಬೂತುಗನ ಕೈಯಲ್ಲಿ ಸತ್ತ ಚೋಳ ರಾಜಕುಮಾರನಿಗೂ ಇವನಿಗೂ ಹೆಸರೊಂದೇ ಸಂಬಂಧ. ಕನ್ನಡದಲ್ಲಿ ಗಣಿತ ಬರೆದವರಲ್ಲಿ ನಮಗೆ ತಿಳಿದಂತೆ ಇವನೇ ಮೊದಲಿಗ.

ಇಷ್ಟೆಲ್ಲ ಇದ್ದರೂ ಒಂದು ವಿಚಿತ್ರ ಗಮನಿಸಬೇಕು. ಒಂದರಿಂದ ಮೇಲಕ್ಕೆ ಹೋಗುವಾಗ ನಮ್ಮ ಹಿರಿಯರು ಹತ್ತು ಹತ್ತಾಗಿ ಏರಿದರು. ಒಂದರಿಂದ ಕೆಳಕ್ಕೆ ಇಳಿಯುವಾಗ ಮಾತ್ರ ಅರ್ಧ ಅರ್ಧವಾಗಿ ಇಳಿದರು. ಅರೆ, ಕಾಲು, ಅರೆಕಾಲು, ವೀಸ. ಶ್ರೀರಂಗಪಟ್ಟಣದಿಂದ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು (1638-1659) ಟಂಕಸಾಲೆ ಇಟ್ಟು ಚಿನ್ನದ ಪುಟ್ಟ ಕಂಠೀರಾಯಿ ಹಣ ಹೊರಡಿಸಿದರು. ಹತ್ತು ಹಣಕ್ಕೆ ಒಂದು ವರಹ. ಆ ಕಂಠೀರಾಯಿ ವರಹ ನಾಣ್ಯವಾಗಿ ಇರಲೇ ಇಲ್ಲ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಇತ್ತು! ಹಣವನ್ನು ಎಣಿಸಿ ಒಂದು ಮನೆ ಎಡಕ್ಕೆ ನೋಡಿದರೆ ಅದೇ ವರಹ. ಆದರೆ ಹಣದ ಕೆಳಗೆ ಇಳಿದರೆ ಹಾಗ ಅದರ ನಾಲ್ಕನೇ ಒಂದು ಪಾಲು, ವೀಸ ಹದಿನಾರನೇ ಒಂದು ಪಾಲು. ಒಂದೇ ನಾಣ್ಯದ ತಲೆಯ ಮೇಲೆ ಹತ್ತು, ಕಾಲಡಿಯಲ್ಲಿ ಹದಿನಾರು.

ಇದನ್ನು ದಡ್ಡತನ ಎನ್ನಬಾರದು. ಹಗ್ಗವನ್ನು ಎರಡಾಗಿ ಮಡಿಸಬಹುದು, ಹತ್ತಾಗಿ ಮಡಿಸಲು ಆಗದು. ತಕ್ಕಡಿಯಲ್ಲಿ ಬೆಲ್ಲವನ್ನು ಸಮಪಾಲು ಮಾಡಬಹುದು, ಆ ಪಾಲನ್ನು ಮತ್ತೆ ಪಾಲು ಮಾಡಬಹುದು. ಹದಿನಾರನ್ನು ನಾಲ್ಕು ಸಲ ಅರ್ಧ ಮಾಡಬಹುದು. ಹತ್ತನ್ನು ಒಂದೇ ಸಲ. ಕಾಗದ ಪೆನ್ನು ಇಲ್ಲದ ಸಂತೆಯಲ್ಲಿ ಹದಿನಾರೇ ಜಾಣ. ಬ್ರಿಟಿಷ್ ಕಮಿಷನರುಗಳ ಕಾಲದಲ್ಲಿ ಮೈಸೂರಿನ ಲೆಕ್ಕಗಳು ರೂಪಾಯಿಗೆ ಬದಲಾದಾಗಲೂ ಹದಿನಾರು ಹೋಗಲಿಲ್ಲ: ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಮೇಲಿದ್ದ ಹತ್ತರ ಮನೆ ಮಾತ್ರ ಹೋಯಿತು.

ಆ ಲೆಕ್ಕದ ಕಷ್ಟ ಏನು ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡಿ. ಒಂದು ವಸ್ತುವಿಗೆ 3 ಆಣೆ 6 ಪೈ. ಅಂಥವು ಹತ್ತು ಬೇಕು. ಪೈಗಳು ಅರವತ್ತು, ಹನ್ನೆರಡರಿಂದ ಭಾಗಿಸಿ, ಐದಾಣೆ. ಆಣೆಗಳು ಮೂವತ್ತು, ಐದು ಸೇರಿ ಮೂವತ್ತೈದು. ಹದಿನಾರರಿಂದ ಭಾಗಿಸಿ, ಎರಡು ರೂಪಾಯಿ, ಮಿಕ್ಕಿದ್ದು ಮೂರಾಣೆ. ಬರೆಯುವುದು 2-3-0 ಎಂದು, ಅಡ್ಡಗೆರೆ ಎಳೆದು. ಹತ್ತರಿಂದ ಗುಣಿಸುವುದಕ್ಕೆ ಎರಡು ಭಾಗಾಕಾರ! ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿಗಳನ್ನು ಹಿಂದಿನವರು ಬಾಯಿಪಾಠ ಮಾಡಿದ್ದು ಸುಮ್ಮನೆ ಅಲ್ಲ. ಮಗ್ಗಿ ಬಾರದವನನ್ನು ಸಾಲದ ಪುಸ್ತಕ ಇಟ್ಟವನು ಹೇಗೆ ಬೇಕಾದರೂ ತಿರುಗಿಸಬಹುದಿತ್ತು. ಲೆಕ್ಕ ಬಲ್ಲವನ ಕೈಯಲ್ಲಿ ಬಾರದವನ ಜುಟ್ಟು ಇದ್ದ ಕಾಲ ಅದು.

ಒಂದರ ಕೆಳಗೂ ಹತ್ತು ಹತ್ತಾಗಿ ಇಳಿಯಬಹುದು ಎಂಬುದನ್ನು ಯುರೋಪಿನಲ್ಲಿ ಜನಕ್ಕೆ ತಿಳಿಯುವಂತೆ ಬರೆದವನು ಸೈಮನ್ ಸ್ಟೆವಿನ್, 1585ರಲ್ಲಿ. ನಮ್ಮ ಜೇಬಿಗೆ ಅದು ಇಳಿಯಲು 1957ರ ಏಪ್ರಿಲ್ 1ರವರೆಗೆ ಕಾಯಬೇಕಾಯಿತು. 1955ರ ನಾಣ್ಯ ತಿದ್ದುಪಡಿ ಕಾಯ್ದೆಯಂತೆ ಅಂದಿನಿಂದ ರೂಪಾಯಿಗೆ ನೂರು ನಯಾ ಪೈಸೆ. ನಮಗೆ ಆಣೆ ಪೈ ಕೊಟ್ಟ ಇಂಗ್ಲೆಂಡಿನವರು ತಮ್ಮ ಶಿಲ್ಲಿಂಗನ್ನು ಬಿಟ್ಟದ್ದು 1971ರಲ್ಲಿ, ನಮಗಿಂತ ಹದಿನಾಲ್ಕು ವರ್ಷ ತಡವಾಗಿ. ಇದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆ.

ಬದಲಾವಣೆ ಸುಲಭವಾಗಿರಲಿಲ್ಲ. ನಾಲ್ಕಾಣೆಗೆ 25, ಎಂಟಾಣೆಗೆ 50 ಸರಿಯಾಗಿ ಕೂರುತ್ತದೆ. ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆ ಎಲ್ಲಿಂದ ತರುವುದು? ಸರ್ಕಾರದ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಮಾಡಿದರು. ಒಂದಾಣೆಯ ವಸ್ತುವನ್ನು ಬಿಡಿಬಿಡಿಯಾಗಿ ಹದಿನಾರು ಮಾರಿದವನಿಗೆ ರೂಪಾಯಿಯ ಬದಲು 96 ಪೈಸೆ. ಅವನು ಏಳು ಪೈಸೆ ಕೇಳಿದರೆ ಕೊಳ್ಳುವವನ ಕೈಯಿಂದ ಒಂದು ರೂಪಾಯಿ ಹನ್ನೆರಡು ಪೈಸೆ. ನಷ್ಟ ಯಾವಾಗಲೂ ಬಿಡಿಯಾಗಿ ಕೊಳ್ಳುವವರಿಗೆ, ಅಂದರೆ ಬಡವರಿಗೆ. ಆದರೆ ಆ ಗೊಂದಲ ಕಳೆದ ಮೇಲೆ ಆದದ್ದು ದೊಡ್ಡ ಸಂಗತಿ. ಒಂದು ವಸ್ತುವಿಗೆ 22 ಪೈಸೆ; ಹತ್ತಕ್ಕೆ 2.20, ನೂರಕ್ಕೆ 22. ಮಗ್ಗಿ ಬಾರದ ಕೂಲಿಯವಳೂ ತನ್ನ ಹತ್ತು ದಿನದ ಕೂಲಿಯನ್ನು ತಾನೇ ಹೇಳಬಹುದು. 2-3-0ರ ಅಡ್ಡಗೆರೆ ಹೋಗಿ ಚುಕ್ಕಿ ಬಂತು. 'ನಯಾ' ಎಂಬ ಮಾತು 1964ರಲ್ಲಿ ಬಿದ್ದುಹೋಯಿತು. ನಮ್ಮಜ್ಜಿ ಮಾತ್ರ ಕೊನೆಯವರೆಗೂ 25 ಪೈಸೆಯನ್ನು ನಾಲ್ಕಾಣೆ ಎಂದೇ ಕರೆದರು. 2011ರ ಜೂನ್ ಕೊನೆಗೆ ಆ ನಾಣ್ಯದ ಚಲಾವಣೆಯೂ ನಿಂತಿತು.

ತೂಕವೂ ಹಿಂದೆಯೇ ಬಂತು. 1956ರ ಕಾಯ್ದೆ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿ. ಸೇರಿಗೆ 80 ತೊಲ, ಮಣಕ್ಕೆ 40 ಸೇರು ಎಂಬುದು ಸರ್ಕಾರಿ ಲೆಕ್ಕ. ಊರಿಗೊಂದು ಸೇರು ಇದ್ದದ್ದು ಬೇರೆ ಮಾತು. ಅದರ ಜಾಗದಲ್ಲಿ ಕಿಲೋ, ನೂರು ಕಿಲೋಗೆ ಕ್ವಿಂಟಾಲ್, ಹತ್ತು ಕ್ವಿಂಟಾಲಿಗೆ ಟನ್. ಇದರ ಫಲವನ್ನು ಮಂಡ್ಯದ ಕಬ್ಬು ಬೆಳೆಗಾರ ದಿನವೂ ಉಣ್ಣುತ್ತಾನೆ. ಕೇಂದ್ರ ಸರ್ಕಾರ ಕಬ್ಬಿನ ಬೆಲೆಯನ್ನು ಕ್ವಿಂಟಾಲಿಗೆ ಪ್ರಕಟಿಸುತ್ತದೆ. 2024-25ರಲ್ಲಿ ಅದು 340 ರೂಪಾಯಿ, ಇಳುವರಿ ಶೇಕಡ 10.25 ಇದ್ದರೆ. ನಮ್ಮವರು ಮಾತಾಡುವುದು ಟನ್ನಿನಲ್ಲಿ. ಪತ್ರಿಕೆ ನೋಡಿದ ಕೂಡಲೇ ಅರಳಿಕಟ್ಟೆಯಲ್ಲಿ "ಮೂರು ಸಾವಿರದ ನಾನೂರು" ಎನ್ನುತ್ತಾರೆ. ಯಾರೂ ಗುಣಿಸುವುದಿಲ್ಲ, ಮನೆ ಬದಲಿಸುತ್ತಾರೆ.

ಮಹಾವೀರನ ಹತ್ತನೆಯ ಮನೆಯ ವಿಷಯ. ಕನ್ನಂಬಾಡಿ ಕಟ್ಟೆಯ ನೀರನ್ನು ನಾವು ಅಳೆಯುವುದು ಟಿ.ಎಂ.ಸಿ.ಯಲ್ಲಿ. ಒಂದು ಟಿ.ಎಂ.ಸಿ. ಎಂದರೆ ಸಾವಿರ ದಶಲಕ್ಷ ಘನ ಅಡಿ, ಅಂದರೆ ನೂರು ಕೋಟಿ, ಅದೇ ಶತಕೋಟಿ. 124.80 ಅಡಿ ತುಂಬಿದಾಗ ಕಟ್ಟೆಯಲ್ಲಿ 49.45 ಟಿ.ಎಂ.ಸಿ.; ಅಂಕಿಗಳನ್ನು ಎರಡು ಮನೆ ಎಡಕ್ಕೆ ಸರಿಸಿ, 4,945 ಕೋಟಿ ಘನ ಅಡಿ. ಆದರೆ ಬಿಡುವ ನೀರನ್ನು ಹೇಳುವುದು ಕ್ಯೂಸೆಕ್‌ನಲ್ಲಿ, ಸೆಕೆಂಡಿನ ಲೆಕ್ಕ. ದಿನಕ್ಕೆ 86,400 ಸೆಕೆಂಡು. ಹಾಗಾಗಿ ದಿನಕ್ಕೆ ಒಂದು ಟಿ.ಎಂ.ಸಿ. ಎಂದರೆ 11,574 ಕ್ಯೂಸೆಕ್ ಎಂಬ ಸೊಟ್ಟ ಸಂಖ್ಯೆ ಬರುತ್ತದೆ. ಗಡಿಯಾರ ಇನ್ನೂ ಹತ್ತರ ಮನೆಗೆ ಬಂದಿಲ್ಲ. ಕಾವೇರಿ ಗಲಾಟೆಯ ದಿನಗಳಲ್ಲಿ ಸುದ್ದಿ ಓದುವಾಗ ಈ ಎರಡನ್ನೂ ಬೆರೆಸಿ ಗಾಬರಿಯಾಗುವವರನ್ನು ನೋಡಿದ್ದೇನೆ.

ನನ್ನ ಕಸುಬಿನ ಒಂದು ಮಾತು. ಕಂಪ್ಯೂಟರು ಹತ್ತರಲ್ಲಿ ಎಣಿಸುವುದಿಲ್ಲ, ಎರಡರಲ್ಲಿ ಎಣಿಸುತ್ತದೆ. ಅದರ ಒಳಗೆ ಅಂಕಿಗಳನ್ನು ಒಂದು ಮನೆ ಎಡಕ್ಕೆ ಸರಿಸಿದರೆ ಎರಡುಪಟ್ಟು, ಬಲಕ್ಕೆ ಸರಿಸಿದರೆ ಅರ್ಧ. ಹಾಗಾಗಿ ಅರೆ, ಕಾಲು, ಅರೆಕಾಲು, ವೀಸ ಅದಕ್ಕೆ ಕರಾರುವಾಕ್ಕಾಗಿ ಗೊತ್ತು. ಹತ್ತನೇ ಒಂದು ಪಾಲನ್ನು ಮಾತ್ರ ಅದು ಪೂರ್ತಿ ಬರೆಯಲಾರದು. ಬಹುತೇಕ ಪ್ರೋಗ್ರಾಂ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಎನ್ನುತ್ತದೆ. ಅದಕ್ಕೇ ಹಣದ ಲೆಕ್ಕ ಬರೆಯುವಾಗ ನಾವು ರೂಪಾಯಿಯನ್ನು ಚುಕ್ಕಿಯೊಡನೆ ಇಡದೆ ಪೈಸೆಯಾಗಿ ಮಾಡಿ ಪೂರ್ಣಾಂಕದಲ್ಲಿ ಇಡುತ್ತೇವೆ. ಕಂಠೀರವ ಒಡೆಯರ ಕಾಲದ ಶ್ಯಾನುಭೋಗರು ಎದ್ದು ಬಂದರೆ ಈ ಯಂತ್ರದ ಲೆಕ್ಕ ನಮಗಿಂತ ಅವರಿಗೇ ಬೇಗ ಒಗ್ಗೀತು.

ಇನ್ನು ಉಳಿದದ್ದು ನೆಲ. ಹಿಂದೆ ಬಿತ್ತುವ ಬೀಜದ ಮೇಲೆ ನೆಲ ಅಳೆಯುತ್ತಿದ್ದರು. 20 ಕೊಳಗಕ್ಕೆ ಒಂದು ಖಂಡುಗ. 1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸರ್ವೆ ಸೆಟಲ್‌ಮೆಂಟ್ ಶುರುವಾಗಿ ಎಕರೆ ಗುಂಟೆ ಬಂದವು. ಗುಂಟೆ ಎಂದರೆ 33 ಅಡಿಗೆ 33 ಅಡಿ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ನಾಣ್ಯದಿಂದ ಹೊರಬಿದ್ದ ಆಣೆ ನೆಲಕ್ಕೆ ಹೋಗಿ ಅಡಗಿತು. ಹೆಕ್ಟೇರು ವರದಿಗಳಲ್ಲಿ ಇದೆ, ಪಡಸಾಲೆಯಲ್ಲಿ ಇಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದೆ 'ಭೂಮಿ' ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದವು, ಒಳಗಿನ ನಲವತ್ತು ಹಾಗೇ ಉಳಿಯಿತು.

ಮಾರನೆಯ ದಿನ ನಾನು ಮಾಡಿದ್ದು ಸೋದರತ್ತೆ ಹೇಳಿದ್ದನ್ನೇ. ಎಲ್ಲವನ್ನೂ ಗುಂಟೆ ಮಾಡಿದೆ: 70, 35, 100, 55. ಒಟ್ಟು 260. ಐದು ಪಾಲು, ತಲಾ 52. ಸರ್ವೆಯವರು ಚೈನು ಹಿಡಿದು ಬಂದ ದಿನ ಅತ್ತೆ ಬದುವಿನ ಮೇಲೆ ನಿಂತು "ನನ್ನದು ಐವತ್ತೆರಡು ಗುಂಟೆ ಕಣಪ್ಪ, ಸರಿಯಾಗಿ ಹಿಡಿ" ಎಂದರು. ಅವರು ಹೂಂ ಎಂದು ತಲೆಯಾಡಿಸಿ, ಪುಸ್ತಕದಲ್ಲಿ 1.12 ಎಂದು ಬರೆದುಕೊಂಡರು.